ಮಳೆಯ ಪುಟದ ಅಂಚಿನಲ್ಲಿ

ಏಳುಕಲ್ಲು ಬಿಡಾರ, ಮೂರನೆಯ ಕಲ್ಲು
ನೆರಳು ಕಟ್ಟಿದ ತೊಂಬತ್ತೆರಡನೆಯ ವರ್ಷ, ಪುಷ್ಯ ಬಹುಳ ಹದಿನೇಳು

ಮಂದಾಕಿನಿ ಅಜ್ಜಿಗೆ ಇರುವಂತಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನೀವು ಹುಬ್ಬೇರಿಸುತ್ತೀರಿ. ಬಹುಳಕ್ಕೆ ಹದಿನೇಳನೆಯ ದಿನ ಎಲ್ಲಿಂದ ಬಂತು ಎನ್ನುತ್ತೀರಿ. ವರ್ಷದಲ್ಲಿ ಮೈಗೆ ಹಿತವಾಗಿರುವುದು ಇದೊಂದೇ ತಿಂಗಳು. ಆದ್ದರಿಂದ ತಂಪು ಇರುವತನಕ ನಾವು ಪುಷ್ಯವನ್ನು ಮುಗಿಯಗೊಡುವುದಿಲ್ಲ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅಜ್ಜಿ ಎಂದದ್ದಕ್ಕೂ ಕ್ಷಮಿಸಿ. ನಿಮ್ಮ ಕ್ಯಾಂಪಿನ ನೋಟ್‌ಬುಕ್ ಬರೆದಾಗ ನಿಮಗೆ ಮೂವತ್ತನಾಲ್ಕು, ನನಗೆ ಈಗ ನಲವತ್ತೊಂದು. ಆದರೂ ನನ್ನ ಅಜ್ಜಿಯ ಅಜ್ಜಿಯನ್ನು ಬರಿಯ ಹೆಸರಿನಿಂದ ಕರೆಯಲು ನಾಲಿಗೆ ಏಳುವುದಿಲ್ಲ.

ನಾವಿರುವುದು ನೆರಳೂರಿನಲ್ಲಿ. ಊರಿಗೆ ಊರೇ ದಪ್ಪ ಬಿಳಿ ಬಟ್ಟೆಯ ಚಪ್ಪರದಡಿ ಇರುವುದರಿಂದ ಆ ಹೆಸರು. ಬೆಳಕು ಹರಿಯುವ ಮೊದಲೇ ಹೊರಗಿನ ಕೆಲಸ ಮುಗಿಸಿ, ಬಿಸಿಲೇರುವಷ್ಟರಲ್ಲಿ ಪರದೆ ಎಳೆದುಕೊಂಡು ಒಳಗೆ ಸೇರುತ್ತೇವೆ. ಊರಿನಲ್ಲಿ ಮಳೆ ಬಿದ್ದು ಹನ್ನೊಂದು ವರ್ಷವಾಯಿತು. ನೀರು ಕೊಳವೆಯಲ್ಲಿ ಬೆಳಿಗ್ಗೆ ಒಂದಿಷ್ಟು ಬರುತ್ತದೆ. ಸ್ನಾನವೆಂದರೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು. ನೀವು ರಾಷ್ಟ್ರೀಯ ಉದ್ಯಾನ ಎನ್ನುತ್ತಿದ್ದುದಕ್ಕೆ ನಾವು ಉಳಿಕೆಕಾಡು ಎನ್ನುತ್ತೇವೆ, ಉಳಿದಿರುವುದು ಅಷ್ಟೇ ಆದ್ದರಿಂದ. ಅದರ ಬೆಟ್ಟದ ಮೇಲಿನ ಏಳುಕಲ್ಲು ಬಿಡಾರ ಮಾತ್ರ ನೀವು ಬರೆದಂತೆಯೇ ಇದೆ. ನಲ್ಲಿಯಿಲ್ಲ, ದೀಪವಿಲ್ಲ. ಟೆಂಟು ಹಾಕಲು ಏಳು ಸಮತಟ್ಟು ಜಾಗ, ಒಂದೊಂದರ ತಲೆಗೂ ನಂಬರು ಕೆತ್ತಿದ ಕಲ್ಲು. ನಿಮ್ಮ ಕಾಲದಲ್ಲಿ ಅನುಮತಿ ಚೀಟಿ ಪಡೆದು ಬೇಕೆನಿಸಿದಾಗೆಲ್ಲ ಬರಬಹುದಿತ್ತಂತೆ. ನಮಗೆ ಒಂದು ಮನೆಗೆ ಒಂದೇ ಒಂದು ರಾತ್ರಿ, ಇಡೀ ಬದುಕಿಗೆ. ಅದನ್ನು ಒಂದಿರುಳು ಎಂದೇ ಕರೆಯುತ್ತೇವೆ. ಸರದಿ ಬಂದಾಗ ಒಮ್ಮೆ ಬೇಡವೆಂದು ಬೇರೆ ತಿಂಗಳು ಕೇಳಬಹುದು, ಎರಡನೆಯ ಸಲ ಕೇಳುವಂತಿಲ್ಲ.

ನನ್ನ ಮಗಳು ತುಂಬೆಗೆ ನಿಮ್ಮ ನೋಟ್‌ಬುಕ್ ಬಾಯಿಪಾಠವಾಗಿತ್ತು. ಅವಳಿಗೆ ಒಂಬತ್ತು ವರ್ಷ. ದೂಳೆದೆ ಇತ್ತು, ನೆರಳೂರಿನ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಬರುವ ಎದೆಯ ಕಾಯಿಲೆ ಅದು. ಹೊರಗೆ ಓಡಲಾಗುತ್ತಿರಲಿಲ್ಲವಾದ್ದರಿಂದ ಹಗಲೆಲ್ಲ ಮಂಚದ ಕಾಲುಗಳಿಗೆ ದುಪ್ಪಟಿ ಕಟ್ಟಿ ಟೆಂಟು ಮಾಡಿಕೊಂಡು ಒಳಗೆ ಕೂರುತ್ತಿದ್ದಳು. ಅಡುಗೆಮನೆಯಿಂದ ತಂಬಿಗೆ ತಂದಿಟ್ಟು ಅದನ್ನೇ ನೀವು ತಂಗುತ್ತಿದ್ದ ಮೂರನೆಯ ಕಲ್ಲು ಎನ್ನುತ್ತಿದ್ದಳು. ನಿಮ್ಮ ಯಜಮಾನರು ಗೂಟವನ್ನು ಓರೆಯಾಗಿ ಹೊಡೆಯದೆ ನೆಟ್ಟಗೆ ಹೊಡೆದು, ಉಪ್ಪಿಟ್ಟು ತಿನ್ನುತ್ತಿದ್ದವರ ಮೇಲೆ ಟೆಂಟು ಬಿದ್ದದ್ದನ್ನು ಬರೆದಿದ್ದೀರಲ್ಲ, ಅದಕ್ಕಾಗಿ ತಾತನಿಗೆ ಅವಳಿಂದ ದಿನಾ ಮಂಗಳಾರತಿ. ಹಗ್ಗದ ಗಂಟು ನನಗೆ ಬರುವುದಿಲ್ಲವೆಂದು ನನ್ನ ಮೇಲೂ ರೇಗುತ್ತಿದ್ದಳು. ನಿಮ್ಮ ಚಿತ್ರ ನೋಡಿಕೊಂಡು ಅವಳೇ ನನಗೆ ಕಲಿಸಿದಳು.

ಕಳೆದ ಆಷಾಢದಲ್ಲಿ ಬೆಟ್ಟದ ಗೇಟು ಕಾಯುವ ದುಗ್ಗಪ್ಪ ಫೋನು ಮಾಡಿದ. ಯಾರದೋ ಸರದಿ ತಪ್ಪಿ ನಮ್ಮದು ಮುಂಚೆಯೇ ಬಂದಿತ್ತು. ಆಗ ಮಳೆಮೂರು ಹತ್ತಿರವಿತ್ತು. ವರ್ಷಕ್ಕೆ ಮೂರು ದಿನ ಬೆಟ್ಟದ ನೆತ್ತಿಯ ಮೇಲೆ ಮಾತ್ರ ಸುರಿಯುವ ಮಳೆಗೆ ನಮ್ಮ ಹೆಸರು ಅದು. ಮಗುವನ್ನು ಕರೆದುಕೊಂಡು ನಾಳಿದ್ದೇ ಬಂದುಬಿಡಿ ಅಕ್ಕ ಎಂದು ದುಗ್ಗಪ್ಪ ಒತ್ತಾಯ ಮಾಡಿದ. ನಾನು ಸಂಜೆ ಹೇಳುತ್ತೇನೆಂದು ಫೋನಿಟ್ಟು ನಿಮ್ಮ ನೋಟ್‌ಬುಕ್ ತೆರೆದೆ. ನಮ್ಮ ಮನೆಯಲ್ಲಿ ಬೆಟ್ಟದ ವಿಷಯಕ್ಕೆ ನೀವು ಹೇಳಿದ್ದೇ ಕೊನೆಯ ಮಾತು. ಜೂನ್ ತಿಂಗಳ ಪುಟದಲ್ಲಿ ನೀವು ಬರೆದಿದ್ದಿರಿ: "ಹಾಳು ಮಳೆ. ರಾತ್ರಿಯೆಲ್ಲ ಟೆಂಟು ಸೋರಿತು. ಸ್ಟವ್ ಹತ್ತಲಿಲ್ಲ. ಬಿಸ್ಕತ್ತು ತಿಂದು ಮಲಗಿದೆವು. ಇನ್ನು ಮೇಲೆ ಚಳಿಗಾಲದಲ್ಲೇ ಬರಬೇಕು, ಆಕಾಶ ಶುಭ್ರವಾಗಿರುತ್ತದೆ." ಸಿಗುವುದು ಒಂದೇ ರಾತ್ರಿ, ಅದು ಹಾಳಾಗಬಾರದು ಎನ್ನಿಸಿತು. ಒದ್ದೆಯಾದರೆ ಅವಳ ಎದೆಗೆ ಆಗದು ಎಂಬ ಭಯವೂ ಇತ್ತು. ಬೇಡ, ಪುಷ್ಯಕ್ಕೆ ಕೊಡಿ ಎಂದೆ.

ತುಂಬೆ ದುಪ್ಪಟಿಯ ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ತಲೆಯಷ್ಟೇ ಹೊರಗೆ ಹಾಕಿ ಕೇಳಿದಳು.

"ಅವ್ವಾ, ನೆನೆದರೆ ಏನಾಗುತ್ತೆ?"

ಕಾಯಿಲೆಯ ಹೆದರಿಕೆಯಿಂದ ಕೇಳುತ್ತಿದ್ದಾಳೆ ಅಂದುಕೊಂಡೆ. ಒದ್ದೆಯಾಗುತ್ತೆ, ಚಳಿಯಾಗುತ್ತೆ, ನಿದ್ದೆ ಬರಲ್ಲ, ನಾವು ನಕ್ಷತ್ರ ನೋಡೋಕೆ ಹೋಗೋಣ ಎಂದು ಸಮಾಧಾನ ಹೇಳಿದೆ. ಅವಳು ತಲೆ ಒಳಗೆಳೆದುಕೊಂಡಳು. ಹುಟ್ಟಿದಂದಿನಿಂದ ಒಮ್ಮೆಯೂ ಮೈತುಂಬ ನೆನೆಯದ ಮಗು ಅದು. ಅವಳಿಗೆ ಹೆದರಿಕೆಯಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದು ಈ ದಡ್ಡಿಗೆ ಆಗ ಹೊಳೆಯಲಿಲ್ಲ.

ಕಾರ್ತಿಕದ ಎರಡನೆಯ ವಾರ ತುಂಬೆ ತೀರಿಕೊಂಡಳು. ಆ ವಾರದ ಬಗ್ಗೆ ನಿಮಗೆ ಬರೆಯಲು ನನ್ನಿಂದಾಗದು. ದುಪ್ಪಟಿಯನ್ನು ಇನ್ನೂ ಬಿಚ್ಚಿಲ್ಲ.

ಹದಿಮೂರು ದಿನ ಕಳೆದ ಮೇಲೆ ನೋಟ್‌ಬುಕ್ಕನ್ನು ಅದರ ಸ್ಟೀಲ್ ಡಬ್ಬಿಗೆ ಹಾಕಿಡಲು ಹೋದೆ. ಜೂನ್ ಪುಟದ ಅಂಚಿನಲ್ಲಿ, ನೀರು ಬಿದ್ದು ಶಾಯಿ ಹರಡಿದ ಕಡೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದುವರೆಗೂ ಕಲೆಯೆಂದೇ ತಿಳಿದಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದೆ. "ಮಕ್ಕಳು ಟೆಂಟಿನೊಳಗೆ ಬರಲೇ ಇಲ್ಲ. ಮಳೆಯಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು."

ಅಜ್ಜಿ, ನಿಮ್ಮ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಸೋರಿದ ಟೆಂಟು, ಹತ್ತದ ಸ್ಟವ್ ಎಲ್ಲವನ್ನೂ ಪುಟದ ನಡುವೆ ದಪ್ಪಕ್ಷರದಲ್ಲಿ ಬರೆದು ಇದನ್ನೇಕೆ ಮೂಲೆಗೆ ತಳ್ಳಿದಿರಿ? ಆಮೇಲೆ ಯೋಚಿಸಿದೆ. ನಿಮಗೆ ಮಳೆಗೇನು ಬರವಿತ್ತು, ಮಕ್ಕಳ ನಗುವಿಗೇನು ಬರವಿತ್ತು. ದಿನಾ ಸಿಗುವುದನ್ನು ಯಾರು ಎದ್ದುಕಾಣುವ ಹಾಗೆ ಬರೆದಿಡುತ್ತಾರೆ. ತಪ್ಪು ನನ್ನದು. ಕಣ್ಣೆದುರಿಗಿದ್ದ ಮಗುವನ್ನು ಕೇಳುವುದು ಬಿಟ್ಟು ನೋಟ್‌ಬುಕ್ಕನ್ನು ಕೇಳಿದೆ.

ಎರಡನೆಯ ಸರದಿಗೆ ಬರಲೇಬೇಕಿತ್ತು, ಬಂದೆ. ದುಗ್ಗಪ್ಪ ಗೇಟಿನಲ್ಲಿ ಮುಖ ನೋಡಲಾಗದೆ ತಲೆ ತಗ್ಗಿಸಿ ಚೀಟಿ ಕೊಟ್ಟ. ಅಭ್ಯಾಸಬಲದಿಂದ ಎರಡು ಚಾಪೆ ಹೊತ್ತುಕೊಂಡು ಬಂದಿದ್ದೆ, ಎರಡನ್ನೂ ಹಾಸಿದೆ. ಗೂಟಗಳನ್ನು ಓರೆಯಾಗಿಯೇ ಹೊಡೆದೆ, ಗಂಟು ಒಂದೂ ತಪ್ಪಲಿಲ್ಲ. ಮೂರನೆಯ ಕಲ್ಲಿನ ಹಿಂದೆ ನೀವು ಬರೆದಿದ್ದ ಊಟೆ, ನೆಲದಿಂದ ಜಿನುಗುವ ಆ ಬುಗ್ಗೆ, ಈಗಲೂ ಬೊಗಸೆಯಷ್ಟು ನೀರು ಕೊಡುತ್ತದೆ. ನಾನು ಕುಡಿಯಲಿಲ್ಲ, ಕೈಯನ್ನಷ್ಟೇ ಅದ್ದಿ ಕೂತಿದ್ದೆ.

ಈ ಕಾಗದವನ್ನು ನಿಮ್ಮ ಜೂನ್ ಪುಟದಲ್ಲಿಟ್ಟು ಡಬ್ಬಿ ಮುಚ್ಚುತ್ತೇನೆ. ಕಾಗದ ಹಿಂದಕ್ಕೆ ಹೋಗುವುದಿಲ್ಲವೆಂದು ನನಗೆ ಗೊತ್ತು. ಹೇಗಾದರೂ ತಲುಪಿದರೆ ಒಂದು ಉಪಕಾರ ಮಾಡಿ. ಬರುವ ಜೂನ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಮತ್ತೆ ಇಲ್ಲಿಗೆ ಬನ್ನಿ. ಟೆಂಟು ಸೋರಿದರೆ ಸೋರಲಿ. ಅವರು ನೆನೆಯುವುದನ್ನು ಹತ್ತಿರ ನಿಂತು ನೋಡಿ. ಮೊದಲ ಹನಿ ಬಿದ್ದದ್ದು ಎಲ್ಲಿ, ಕಿರುಚಿದರೇ, ನಾಲಿಗೆ ಚಾಚಿದರೇ, ಬಟ್ಟೆ ಮೈಗೆ ಅಂಟಿದಾಗ ಏನೆಂದರು, ಎಲ್ಲವನ್ನೂ ಪುಟದ ನಡುವೆ ದೊಡ್ಡದಾಗಿ ಬರೆಯಿರಿ. ನೆನೆದರೆ ಏನಾಗುತ್ತದೆ ಎಂದು ಮಗು ಕೇಳಿದಾಗ ನನ್ನ ಕೈಗೆ ಆ ಪುಟ ಸಿಗಲಿ.

ನಿಮ್ಮ ಮಾತು ಸುಳ್ಳಾಗಲಿಲ್ಲ, ಅಜ್ಜಿ. ನಿನ್ನೆ ಆಕಾಶ ಶುಭ್ರವಾಗಿತ್ತು. ಬೆಳಗಿನತನಕ ಒಂದು ಹನಿಯೂ ಬೀಳಲಿಲ್ಲ.

ನಿಮ್ಮವಳೇ ಆದ,
ಇರುವಂತಿ