ಹಸಿರು ಮುಚ್ಚಳ

ಜನವರಿ 14, ಮಂಗಳವಾರ

ಐದೂವರೆಗೇ ಮಾರ್ಕೆಟ್ಟು. ಸ್ವೆಟರ್ ಹಾಕಿಕೊಂಡರೂ ಬೆರಳು ಮರಗಟ್ಟಿತ್ತು. ತೆಂಗಿನ ಹಾಲು, ಗುಂಡು ಬದನೆ, ತುಳಸಿ, ನಿಂಬೆ ಹುಲ್ಲು. ಮೆಣಸಿನಕಾಯಿ ಬಾಡಿತ್ತು, ಬಿಟ್ಟೆ.

ಮೀನಿನ ಸಾಲಿನವಳು ಕೇಳಿದಳು, "ಟೀಚರಮ್ಮ, ಇವತ್ತು ಯಾವ ದೇಶದವ್ರಿಗೆ ಪಾಠ?"

ಎಲ್ಲಾ ದೇಶದವರಿಗೂ ಅಂದೆ.

"ಹಂಗಾದ್ರೆ ಖಾರ ಕಮ್ಮಿ ಹಾಕು. ಎಲ್ಲಾ ದೇಶದವ್ರೂ ಅಳ್ತಾರೆ."

ಅಡುಗೆ ಕ್ಲಾಸಿಗೆ ಒಂಬತ್ತು ಜನ ಇದ್ದರು. ಒಬ್ಬ ಕೈ ಸುಟ್ಟುಕೊಂಡ, ಉಳಿದದ್ದೆಲ್ಲ ಸಲೀಸು. ಸಂಜೆ ನಮ್ಮ ಮಾಲೀಕರು, ವಿಮೋನ್ ಅಕ್ಕ, ಆಫೀಸಿಗೆ ಕರೆದರು. ಊರಾಚೆಯ ಮೇ ರಿಮ್‌ನಲ್ಲಿ ನಮ್ಮ ಎರಡನೇ ಅಡುಗೆ ಶಾಲೆ, ಏಪ್ರಿಲ್‌ಗೆ ಶುರು. "ಅಲ್ಲಿಗೆ ನೀನೇ ಹೆಡ್ಡು ಕಣೇ ಜಿತ್. ಫೋಟೋ ಕೂಡ ನಿಂದೇ ಹಾಕಿಸ್ತೀನಿ." ಹದಿನೇಳು ವರ್ಷ ಈ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದ್ದೇನೆ. ಗಾಡಿಯಲ್ಲಿ ಬರುವಾಗ ಒಬ್ಬಳೇ ನಕ್ಕೆ.

ನಾಳೆಯಿಂದ ಮೂರು ದಿನದ ಕೋರ್ಸಿಗೆ ಪೋಲೆಂಡಿನ ಹೆಂಗಸೊಬ್ಬಳು, ಬೆಯಾತಾ. ಫಾರ್ಮಿನಲ್ಲಿ ಕೆಂಪಕ್ಷರ — ಸೀಗಡಿ ಅಲರ್ಜಿ, ತೀವ್ರ. ಹೊಮ್ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಗಡಿಯಾಚೆಯ ಶಾನ್ ಊರಿನವಳು, ನಮ್ಮ ಅಕ್ಷರ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಮಸಾಲೆ ಕುಟ್ಟುತ್ತಿದ್ದಾಳೆ. ಅವಳಿಗೆಂದೇ ಈ ಗುರುತು: ಕೆಂಪು ಮುಚ್ಚಳದ ಡಬ್ಬದ ಮಸಾಲೆಯಲ್ಲಿ ಸೀಗಡಿ ಪೇಸ್ಟ್ ಇದೆ, ಹಸಿರು ಮುಚ್ಚಳದ್ದರಲ್ಲಿ ಇಲ್ಲ.

"ಬೇರೆ ಕಲ್ಲಲ್ಲೇ ಕುಟ್ತೀನಿ ಬಿಡು. ಹೊಸ ಕಲ್ಲು, ಇನ್ನೂ ಮರಳು ಬಿಡುತ್ತೆ. ಮೊದ್ಲು ಅಕ್ಕಿ ಹಾಕಿ ಅರೀಬೇಕು," ಅಂದಳು. ಕತ್ತಲಾಗುವ ತನಕ ಕೂತು ಅರೆದಳು.

ಜನವರಿ 15, ಬುಧವಾರ

ಬೆಯಾತಾ ಐವತ್ತೆಂಟರವಳು. ಮೂವತ್ತೊಂದು ವರ್ಷ ಟ್ರ್ಯಾಮ್ ಓಡಿಸಿ ಹೋದ ತಿಂಗಳು ನಿವೃತ್ತಿಯಾದವಳು. ಇದು ಅವಳ ಮೊದಲ ದೂರದ ಪ್ರವಾಸ. ದೇವಸ್ಥಾನ ನೋಡಲು ಬಂದಿಲ್ಲವಂತೆ, ಕುಟ್ಟುವುದು ಕಲಿಯಲು ಬಂದಿದ್ದಾಳಂತೆ. ತೋಳು ನೋಡಿದರೆ ನಂಬಬಹುದು.

ದೊಡ್ಡಮ್ಮನಿಗೆ ಅವಳು ಹಿಡಿಸಿಬಿಟ್ಟಳು. ನಡುವೆ ನಿಂತು ಇಬ್ಬರ ಮಾತೂ ತಿರುಗಿಸಿ ಹೇಳಿದ್ದೇ ನನ್ನ ಕೆಲಸ.

"ಹೊಡೀಬೇಡ, ಬೀಳೋಕೆ ಬಿಡು ಅಂತ ಹೇಳವ್ಳಿಗೆ. ಕಲ್ಲಿಗೇ ಭಾರ ಐತೆ, ಇವ್ಳದ್ಯಾಕೆ."

ಬೆಯಾತಾ ತಲೆಯಾಡಿಸಿದಳು. "ಅವರಿಗೆ ಹೇಳಿ, ಇಳಿಜಾರಲ್ಲಿ ಟ್ರ್ಯಾಮೂ ಹಾಗೇ. ನಾವು ತಳ್ಳಬಾರದು."

ಊಟದ ಹೊತ್ತಿಗೆ ಪೆನ್ನಿನಂಥ ಇಂಜೆಕ್ಷನ್ ತೋರಿಸಿದಳು. ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿ ಹಿಡಿಯಬೇಕಂತೆ. "ಎಲ್ಲಿ ಹೋದರೂ ಒಬ್ಬರಿಗೆ ಹೇಳಿಕೊಡ್ತೀನಿ. ಇಲ್ಲಿ ನಿಮಗೆ."

"ನಮ್ಮಲ್ಲಿ ಅದರ ಅಗತ್ಯ ಬೀಳಲ್ಲ," ಅಂದೆ. ಆಮೇಲೆ ಯಾಕೋ ಅಷ್ಟು ಜೋರಾಗಿ ಹೇಳಬಾರದಿತ್ತು ಅನ್ನಿಸಿತು.

ಜನವರಿ 16, ಗುರುವಾರ. ಮಧ್ಯಾಹ್ನ 3, ಆಸ್ಪತ್ರೆ

ಕಾಯುತ್ತಾ ಕೂತು ಬರೆಯುತ್ತಿದ್ದೇನೆ.

ಖಾವ್ ಸೋಯ್, ತೆಂಗಿನ ಹಾಲಿನ ನೂಡಲ್ಸ್ ಸಾರು, ಮಾಡಿಸುತ್ತಿದ್ದೆ. ಎಂಟು ಒಲೆ, ಎಂಟು ಬಾಣಲೆ. ಬೆಯಾತಾಳ ಒಲೆಗೆ ಬಂದಾಗ "ದೊಡ್ಡಮ್ಮ, ಹಸಿರು ಮುಚ್ಚಳದ್ದು" ಅಂದೆ. ಅವಳು ಫ್ರಿಜ್ಜಿನಿಂದ ತಂದು ಒಂದು ಚಮಚ ಮಸಾಲೆ ಹಾಕಿದಳು. ತೆಂಗಿನ ಹಾಲು ಕುದ್ದು ಎಣ್ಣೆ ಬಿಟ್ಟಿತು. ನೂಡಲ್ಸ್ ಮೇಲೆ ಸುರಿದುಕೊಂಡು ಬೆಯಾತಾ ಕೂತಳು. ಎರಡು ತುತ್ತು. ಮೂರನೆಯದು ಎತ್ತಿದವಳು ಹಾಗೇ ಕೆಳಗಿಟ್ಟಳು.

"ಜಿತ್, ಇದರಲ್ಲಿ ಏನಿದೆ?"

ದನಿ ಆಗಲೇ ಬೇರೆಯಾಗಿತ್ತು. ತುಟಿ ಊದುತ್ತಿತ್ತು. ಕುತ್ತಿಗೆ ತುಂಬ ದದ್ದು, ನೋಡನೋಡುತ್ತಲೇ ಕೆನ್ನೆಗೆ ಹತ್ತಿತು. ಬ್ಯಾಗು ಲಾಕರಿನಲ್ಲಿ. ಲಾಕರಿನ ಕೀ ಅವಳ ಏಪ್ರನ್ ಜೇಬಿನಲ್ಲಿ — ಅವಳಿಗೆ ಬೆರಳು ಮಡಿಸಲಾಗುತ್ತಿಲ್ಲ, ನನಗೆ ಜೇಬು ಸಿಗುತ್ತಿಲ್ಲ. ಓಡಿದೆ. ಇಂಜೆಕ್ಷನ್ ತಂದೆ. ಯಾವ ತುದಿ ಚುಚ್ಚುವುದೆಂದೇ ಮರೆತುಹೋಗಿತ್ತು. ನಿನ್ನೆ ತಾನೆ ಹೇಳಿಕೊಟ್ಟದ್ದು. ಅವಳೇ ಬೆರಳಿಟ್ಟು ತೋರಿಸಿದಳು. ಒತ್ತಿದೆ. ಹತ್ತು ಎಣಿಸಿದೆ. ದೊಡ್ಡಮ್ಮ ನೆಲದಲ್ಲಿ ಕೂತು ಅವಳನ್ನು ಎದೆಗೆ ಒರಗಿಸಿಕೊಂಡಿದ್ದಳು. ಒಂದೊಂದು ಉಸಿರಿಗೂ ಸೀಟಿ ಹೊಡೆದಂಥ ಸದ್ದು. ಆಂಬುಲೆನ್ಸ್ ಬರಲು ಹನ್ನೊಂದು ನಿಮಿಷ.

ಈಗ ಐಸಿಯು. ಗಂಟಲಿಗೆ ನಳಿಕೆ ಇಳಿಸಿದ್ದಾರೆ. ಡಾಕ್ಟರು ಊಟದಲ್ಲಿ ಸೀಗಡಿ ಹೇಗೆ ಬಂತು ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಅದೇ ದಿನ, ಸಂಜೆ 6

ಅಡುಗೆಮನೆಗೆ ಹೋಗಿ ಫ್ರಿಜ್ ನೋಡಿದೆ. ಡಬ್ಬಗಳೆಲ್ಲ ಸರಿಯಾಗಿವೆ. ಮನೆಗೆ ಬಂದೆ.

ಜನವರಿ 17, ಶುಕ್ರವಾರ

ಎಂಟಕ್ಕೇ ವಿಮೋನ್ ಅಕ್ಕ ಬಂದರು. ತಾವೇ ಒಂದೊಂದು ಡಬ್ಬ ತೆಗೆದು ಮೂಸಿದರು. ಕೆಂಪಿನಲ್ಲಿ ಸೀಗಡಿ, ಹಸಿರಿನಲ್ಲಿ ಇಲ್ಲ. ಎಲ್ಲ ಇರಬೇಕಾದ ಹಾಗೇ ಇದೆ. ದೊಡ್ಡಮ್ಮನ ಕಡೆ ತಿರುಗಿದರು.

"ನೀನು ಯಾವ ಡಬ್ಬ ತಂದೆ?"

"ಹಸಿರೇ ತಂದೆ ಅನ್ಕಂಡಿದ್ದೆ ಅಮ್ಮಾ."

"ಅನ್ಕೊಂಡಿದ್ದೆ ಅಂದ್ರೆ?"

ದೊಡ್ಡಮ್ಮ ತನ್ನ ಕೈ ನೋಡಿಕೊಂಡಳು. ಆ ಕೈಯೇ ಉತ್ತರ ಹೇಳಲಿ ಅನ್ನುವ ಹಾಗೆ. "ಕೆಂಪೇ ತಂದಿರ್ಬೇಕು. ನಂಗೇ ಗೊತ್ತಾಗಿಲ್ಲ. ವಯಸ್ಸಾಯ್ತಲ್ಲಮ್ಮಾ."

ನಾನು ಪಕ್ಕದಲ್ಲೇ ಇದ್ದೆ. ಬಟ್ಟೆ ತೆಗೆದುಕೊಂಡು ಒಲೆ ಒರೆಸಿದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ.

ಜನವರಿ 18, ಶನಿವಾರ

ಕ್ಲಾಸಿಲ್ಲ.

ಜನವರಿ 20, ಸೋಮವಾರ

ಬೆಯಾತಾಳನ್ನು ವಾರ್ಡಿಗೆ ಹಾಕಿದ್ದಾರೆ. ಬದುಕಿಕೊಂಡಳು. ಕಿತ್ತಳೆ ತಗೊಂಡು ಹೋದೆ. ಅವಳ ಗಂಟಲು ಗೊರಗೊರ ಅನ್ನುತ್ತದೆ. ಮಾತಿಗಿಂತ ಮೊದಲು ನನ್ನ ಕೈ ಹಿಡಿದಳು.

"ನೀವು ಓಡಿದ್ದು ನೋಡಿದೆ. ಥ್ಯಾಂಕ್ಸ್."

ಕಿತ್ತಳೆಯ ಚೀಲ ಬಿಚ್ಚಿದೆ.

"ನಂದೇ ತಪ್ಪಿರಬಹುದು. ಅವತ್ತು ಬೆಳಿಗ್ಗೆ ಬೀದೀಲಿ ಗಂಜಿ ಕುಡಿದೆ. ಅಲರ್ಜಿ ಕಾರ್ಡ್ ತೋರಿಸೋಕೆ ಸೋಮಾರಿತನ. ಅದರಲ್ಲಿ ಏನಿತ್ತೋ. ಆ ಅಜ್ಜಿಗೆ ಹೇಳಿ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಂತ."

ಹೇಳುತ್ತೇನೆ ಅಂದೆ. ಕಿತ್ತಳೆ ಸುಲಿದುಕೊಟ್ಟೆ. ಎದ್ದು ಬಂದೆ.

ಗುರುವಾರ ನಾನೂ ದೊಡ್ಡಮ್ಮನೂ ಆರೋಗ್ಯ ಕಚೇರಿಯಲ್ಲಿ ಹೇಳಿಕೆ ಕೊಡಬೇಕು. ದೊಡ್ಡಮ್ಮನ ಹೇಳಿಕೆಯನ್ನು ವಿಮೋನ್ ಅಕ್ಕ ಟೈಪ್ ಮಾಡಿಸಿದ್ದಾರೆ. ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಮರುದಿನದಿಂದ ಅವಳಿಗೆ ಕೆಲಸವಿಲ್ಲ. ಮಾಲೀಕರು ಕೈಬಿಟ್ಟರೆ ಇಲ್ಲಿ ಕೆಲಸ ಮಾಡಲು ಕೊಟ್ಟ ಅವಳ ಪರವಾನಗಿ ಕಾರ್ಡಿಗೆ ಬೆಲೆಯಿಲ್ಲ. ಶುಕ್ರವಾರದ ಬಸ್ಸಿಗೆ ಗಡಿಗೆ. ಅಲ್ಲಿ ಅವಳ ಊರಿನಲ್ಲಿ ಈಗ ಯಾರಿದ್ದಾರೆ, ಏನಿದೆ, ನಾನು ಯಾವತ್ತೂ ಕೇಳಿಲ್ಲ.

ಜನವರಿ 21, ಮಂಗಳವಾರ. ಬೆಳಿಗ್ಗೆ 6

ಗುರುವಾರ ಸಂಜೆ ಇಲ್ಲಿ ಬರೆದದ್ದು ಸುಳ್ಳು. ಯಾರೂ ಓದದ ನೋಟ್‌ಬುಕ್ಕಿನಲ್ಲೂ ಸುಳ್ಳು ಬರೆದೆ.

ನಡೆದದ್ದು ಇದು. ಗುರುವಾರ ಬೆಳಿಗ್ಗೆ ಫ್ರಿಜ್ ತೊಳೆದವಳು ನಾನು. ಡಬ್ಬಗಳನ್ನು ಹೊರಗಿಟ್ಟು ಮುಚ್ಚಳಗಳನ್ನೆಲ್ಲ ತೊಳೆದೆ. ಮತ್ತೆ ಮುಚ್ಚುವಾಗ ಕಿವಿಗೆ ಫೋನ್ ಸಿಕ್ಕಿಸಿಕೊಂಡಿದ್ದೆ. ವಿಮೋನ್ ಅಕ್ಕನ ಜೊತೆ ಮೇ ರಿಮ್‌ನ ಟೈಲ್ಸ್ ಬಣ್ಣದ ಮಾತು. ಕೈ ತನ್ನಷ್ಟಕ್ಕೆ ಮುಚ್ಚಿತು. ಸೀಗಡಿ ಇದ್ದ ಡಬ್ಬಕ್ಕೆ ಹಸಿರು ಮುಚ್ಚಳ ಬಿತ್ತು. ದೊಡ್ಡಮ್ಮ ತಂದದ್ದು ಹಸಿರೇ. ಅವಳದ್ದು ತಪ್ಪಿಲ್ಲ.

ಸಂಜೆ ಹೋಗಿ ತೆಗೆದು ಮೂಸಿದಾಗ ಗೊತ್ತಾಯಿತು. ಆಗ ಮಾಡಿದ್ದು ಇನ್ನೂ ದೊಡ್ಡದು. ಮುಚ್ಚಳಗಳನ್ನು ಅದಲುಬದಲು ಮಾಡಿ ಸರಿಯಾಗಿ ಇಟ್ಟುಬಂದೆ. ಎರಡು ಕ್ಷಣದ ಕೆಲಸ. ಅದರಿಂದಲೇ ಶುಕ್ರವಾರ ದೊಡ್ಡಮ್ಮನ ಬಾಯಲ್ಲಿ ಆ ಮಾತು ಬಂತು.

ಅವಳ ಕೋಣೆಗೆ ಹೋಗಬೇಕು. ಈಗಲೇ. ಚಹಾ ಕುಡಿದು — ಬೇಡ, ಈಗಲೇ.

ಅದೇ ದಿನ, 11 ಗಂಟೆ

ದೊಡ್ಡಮ್ಮ ತಗಡಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಕಟ್ಟಿಟ್ಟ ಚೀಲ. ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಅಂದುಕೊಂಡು ಬಾಗಿಲಲ್ಲೇ ನಿಂತೆ.

"ಬಾ, ಪೂಜೆ ಅಲ್ಲ ಇದು," ಅಂದಳು. "ಊರಿನ ಮನೆ ಎಣಿಸ್ತಿದ್ದೆ. ಹೊಳೆ ಕಡೆಯಿಂದ ಮೂವತ್ತಾರು ಮನೆ. ಒಂದೊಂದ್ರ ಯಜಮಾನನ ಹೆಸ್ರು ಹೇಳ್ಕಂಡು ಹೋಗ್ತೀನಿ. ದಿನಾ ಬೆಳಿಗ್ಗೆ ಹೇಳಿ ನೋಡ್ತೀನಿ, ಎಲ್ಲಾದ್ರೂ ಬಿಟ್ಟುಹೋಯ್ತಾ ಅಂತ. ನಮ್ಮಕ್ಕಂಗೆ ಮರೆವು ಹಿಂಗೇ ಶುರುವಾಗಿದ್ದು. ಮೊದ್ಲು ಡಬ್ಬ, ಆಮೇಲೆ ದಾರಿ, ಆಮೇಲೆ ಮಕ್ಕಳ ಮುಖ."

ನಿಂತಲ್ಲೇ ಹೇಳಿಬಿಟ್ಟೆ. ಮುಚ್ಚಳ ತೊಳೆದದ್ದು, ಫೋನು, ಸಂಜೆ ಹೋಗಿ ಬದಲಾಯಿಸಿದ್ದು, ಎಲ್ಲ.

ಅವಳು ಚೀಲ ಪಕ್ಕಕ್ಕೆ ಸರಿಸಿದಳು. ಆಮೇಲೆ, "ನಾನು ತಂದಿದ್ದು ಹಸಿರೇ?"

"ಹಸಿರೇ ದೊಡ್ಡಮ್ಮ."

"ಸರಿಯಾಗಿ ಹೇಳು. ಹಸಿರೇ?"

"ಹಸಿರೇ."

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಕೈ ತೆಗೆದಾಗ ನೋಡಿದೆ, ನಗುತ್ತಿದ್ದಳು. "ಹಂಗಾದ್ರೆ ನನ್ನ ತಲೆ ನೆಟ್ಟಗೈತೆ," ಅಂದಳು. "ನೆಟ್ಟಗೈತೆ ಕಣೇ."

ನಾನೂ ನಗಬೇಕೋ ಏನೋ ಅಂದುಕೊಳ್ಳುವಷ್ಟರಲ್ಲಿ ಆ ನಗು ನಿಂತುಹೋಯಿತು.

"ಗುರುವಾರದಿಂದ ಗೊತ್ತಿತ್ತಾ ನಿಂಗೆ?"

"ಹೂಂ."

"ಶುಕ್ರವಾರ ನಾನು ವಯಸ್ಸಾಯ್ತು ಅಂದಾಗ ಒಲೆ ಒರೆಸ್ತಾ ಇದ್ದೆ ನೀನು."

"ಹೂಂ."

"ಆಚೆ ಹೋಗು ಜಿತ್. ಬಾಗ್ಲು ಹಾಕ್ಕಂಡು ಹೋಗು."

ಅದೇ ದಿನ, ಸಂಜೆ

ವಿಮೋನ್ ಅಕ್ಕನಿಗೆ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಎದ್ದು ಹೋಗಿ ಆಫೀಸಿನ ಬಾಗಿಲು ಹಾಕಿದರು.

"ಇನ್ಯಾರಿಗೆ ಹೇಳಿದ್ದೀಯ?"

"ದೊಡ್ಡಮ್ಮನಿಗೆ."

"ಅವಳು ಯಾರ ಹತ್ರ ಹೇಳ್ತಾಳೆ? ಸುಮ್ನಿರು. ನಿನ್ನ ಮುಖ ನೋಡಿ ಜನ ಬರೋದು ಇಲ್ಲಿಗೆ. ಮಸಾಲೆ ಕುಟ್ಟೋಳು ತಪ್ಪು ಮಾಡಿದ್ಳು ಅಂದ್ರೆ ಜನ ಮರೀತಾರೆ. ಟೀಚರೇ ಮಾಡಿದ್ಳು, ಮಾಡಿ ಮುಚ್ಚಿಟ್ಳು ಅಂದ್ರೆ ಈ ಬಾಗಿಲು ಮುಚ್ಚಬೇಕು. ಹನ್ನೆರಡು ಜನ ಮನೆಗೆ ಹೋಗ್ತಾರೆ. ಅವ್ರನ್ನೂ ಸ್ವಲ್ಪ ಯೋಚ್ನೆ ಮಾಡು."

ಅಕ್ಕ ಕೆಟ್ಟವರಲ್ಲ. ನನ್ನ ತಾಯಿ ಸತ್ತಾಗ ಮೂರು ದಿನ ನಮ್ಮಲ್ಲೇ ಇದ್ದು ಬಂದವರಿಗೆಲ್ಲ ಅಡುಗೆ ಮಾಡಿ ಹಾಕಿದವರು. ಅದಕ್ಕೇ ಕಷ್ಟ. ಎದ್ದು ನಿಂತೆ.

"ಗುರುವಾರ ನಿಜ ಹೇಳ್ತೀನಿ ಅಕ್ಕ."

"ಹಾಗಾದ್ರೆ ನಾಳೆಯಿಂದ ಬರಬೇಡ."

ಜನವರಿ 22, ಬುಧವಾರ

ಬೆಯಾತಾಳಿಗೆ ಹೇಳಿದೆ. ಹಾಸಿಗೆಯ ಮೇಲೆ ನೆಟ್ಟಗೆ ಕೂತು ಕೇಳಿದಳು.

"ಸೋಮವಾರ ಬಂದಿದ್ರಲ್ಲ. ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಗಂಜಿ ವಿಷಯ ಹೇಳಿದಾಗಲೂ?"

"ಹೌದು."

ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ ಹೇಳಿದಳು. "ಒಂದು ಸಲ ನಾನು ಬ್ರೇಕ್ ಹಾಕೋದು ತಡವಾಯ್ತು. ಒಬ್ಬನ ಪಾದ ಹೋಯ್ತು. ತಪ್ಪು ನಂದೇ ಅಂತ ರಿಪೋರ್ಟು ಬರೆದುಕೊಟ್ಟೆ. ಅವತ್ತೇ." ಕೊನೆಯ ಮಾತನ್ನು ಮತ್ತೆ ಹೇಳಿದಳು. "ಅವತ್ತೇ."

ಕ್ಷಮಿಸಿ ಅಂದೆ.

"ಮುಚ್ಚಳ ತಪ್ಪಿದ್ದಕ್ಕೆ ಕ್ಷಮೆ ಇದೆ. ಸೋಮವಾರದ್ದಕ್ಕೆ ಈಗ ಗೊತ್ತಿಲ್ಲ. ಹೋಗಿ."

ಮನೆಗೆ ಬಂದು ಹೇಳಿಕೆ ಬರೆದೆ. ಒಂದೂವರೆ ಪುಟ.

ಜನವರಿ 23, ಗುರುವಾರ. 9:10, ಆರೋಗ್ಯ ಕಚೇರಿ, ಹೊರಗಿನ ಬೆಂಚು

ದೊಡ್ಡಮ್ಮ ಬಂದಿದ್ದಾಳೆ. ಅವಳೂರಿನ ಹೆಂಗಸರು ಹಬ್ಬಕ್ಕೆ ಉಡುವ ಲುಂಗಿ ಉಟ್ಟಿದ್ದಾಳೆ. ಬೆಂಚಿನ ಆ ತುದಿಯಲ್ಲಿ ಕೂತಳು. ಕೈಯಲ್ಲಿ ವಿಮೋನ್ ಅಕ್ಕ ಕೊಟ್ಟ ಕಾಗದ. ಅದನ್ನು ನನ್ನತ್ತ ಚಾಚಿದಳು.

"ಓದು. ಇದ್ರಲ್ಲಿ ನಾನು ಏನು ಹೇಳಿದ್ದೀನಿ ಅಂತ."

ಓದಿದೆ. "ದೃಷ್ಟಿ ಮಂದವಾಗಿರುವುದರಿಂದ ಮತ್ತು ಅಜಾಗರೂಕತೆಯಿಂದ ತಪ್ಪು ಡಬ್ಬ ತಂದೆನು." ಅವಳು ಕಾಗದ ವಾಪಸ್ ತಗೊಂಡು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಂದು ಓದು."

ನನ್ನದನ್ನೂ ಓದಿದೆ. ಫ್ರಿಜ್ ತೊಳೆದದ್ದು, ಫೋನು, ಮುಚ್ಚಳ ತಪ್ಪಿದ್ದು, ಹೊಮ್ ಅವರದು ಯಾವ ತಪ್ಪೂ ಇಲ್ಲ ಅನ್ನುವುದು. ಕೊನೆಗೆ ಸಹಿ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಮುಗೀತಾ?"

"ಮುಗೀತು."

"ಸಂಜೆ ಹೋಗಿ ಮುಚ್ಚಳ ಬದಲಾಯಿಸಿದ್ದು ಎಲ್ಲಿ?"

ನಿನ್ನೆ ಮೂರು ಸಲ ತಿದ್ದಿ ಬರೆದಿದ್ದೆ. ಮೂರು ಸಲವೂ ಅದು ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತು ಅನ್ನುವುದೂ ಸುಳ್ಳೇ. ಬಿಟ್ಟಿದ್ದೆ.

"ಐದು ದಿನ ಸುಮ್ನಿದ್ದಿದ್ದು?"

"ಅದೂ ಇಲ್ಲ."

"ಬರಿ," ಅಂದಳು. "ಇನ್ನೂ ಕರೆದಿಲ್ಲ. ಟೈಮೈತೆ."

ಸಹಿಯ ಕೆಳಗೆ ಜಾಗ ಇತ್ತು. ತೊಡೆಯ ಮೇಲೆ ಈ ನೋಟ್‌ಬುಕ್ ಇಟ್ಟು ಅದರ ಮೇಲೆ ಕಾಗದ ಇಟ್ಟು ಬರೆದೆ. ಏಳು ಸಾಲು. ಅಕ್ಷರ ನೆಟ್ಟಗಿಲ್ಲ. ಓದಿ ಹೇಳಿದೆ. ದೊಡ್ಡಮ್ಮ ಬಾಗಿಲ ಕಡೆ ನೋಡುತ್ತಾ ಕೂತಿದ್ದಾಳೆ. ಸಹಿ ಇನ್ನೊಂದು ಸಲ ಹಾಕಬೇಕು, ಈ ಸಾಲುಗಳ ಕೆಳಗೆ.

ಹಾಕಿದೆ.

ಗುಮಾಸ್ತ ಹೊರಗೆ ಬಂದ. ಇಬ್ಬರಲ್ಲಿ ಯಾರು ಮೊದಲು ಅಂತ ಕೇಳುತ್ತಿದ್ದಾನೆ. ನಾನೇ ಮೊದಲು.