ನಲವತ್ತು ದಿನದ ಮಗುವಿಗೆ ಬಂದ ನೋಟೀಸು

ಶಾರಾ-ಬುಲಾಗ್,
ಜನವರಿ 22, 2023, ಭಾನುವಾರ

ನನ್ನ ಸೊಲ್ಬೊನ್, ನೂರ್ಕಾಲ ಬಾಳು ಮಗನೇ,

ಹೇಗಿದ್ದೀಯ? ಉಲಾನ್‌ಬಾತರ್‌ನ ಕಲ್ಲಿದ್ದಲ ಹೊಗೆಗೆ ನಿನ್ನ ಕೆಮ್ಮು ಹೆಚ್ಚಾಯಿತೆಂದು ನಿನ್ನ ಅಮ್ಮ ಬುತಿದ್ಮಾ ಹೇಳಿದಳು. ಮಲಗುವ ಮುಂಚೆ ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಹಾಕಿಕೊಂಡು ಕುಡಿ, ಮೂಗು ಮುಚ್ಚಿಕೊಂಡಾದರೂ ಕುಡಿ. ಟೈರ್ ಅಂಗಡಿಯ ಯಜಮಾನ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾನೋ ಇಲ್ಲವೋ? ಇನ್ನು ನನ್ನ ವಿಷಯ. ನಾನು ಗಟ್ಟಿಯಾಗಿದ್ದೇನೆ. ಗ್ರಂಥಾಲಯದ ಸೆಸೆಗ್ಮಾ ಬುಧವಾರ ನಿನಗೆ ಫೋನ್ ಮಾಡಿ ತಾತ ಬಿದ್ದುಬಿಟ್ಟರು, ಎದೆ ಸರಿಯಿಲ್ಲ ಎಂದಳಂತೆ. ನೀನು ಹೊಸವರ್ಷದ ಸಾಗಾಲ್ಗಾನ್ ಹಬ್ಬಕ್ಕೆ ಊರಿಗೆ ಬಂದೇ ಬರುತ್ತೇನೆ ಎಂದು ಕುಣಿಯುತ್ತಿದ್ದೀಯಂತೆ. ಮೆಟ್ಟಿಲ ಮೇಲೆ ಐಸಿತ್ತು, ಜಾರಿದೆ, ಅಷ್ಟೇ. ಈ ಪತ್ರ ಕೊನೆಯ ಸಾಲಿನವರೆಗೂ ಓದದೆ ಟಿಕೆಟ್ ತೆಗೆಯಬೇಡ. ಗಡಿ ದಾಟಿದ ಕೂಡಲೇ ನಿನ್ನನ್ನು ಹಿಡಿದು, ಸೈನ್ಯಕ್ಕೆ ಸೇರಿಸಿ, ಆರು ಸಾವಿರ ಕಿಲೋಮೀಟರ್ ಆಚೆಗೆ ರೈಲು ಹತ್ತಿಸುತ್ತಾರೆ. ಭರ್ತಿ ಮುಗಿಯಿತೆಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಕಾಗದದ ಮೇಲೆ ಮಾತ್ರ ಯಾರೂ ಬರೆದುಕೊಟ್ಟಿಲ್ಲ. ಬಾಯಲ್ಲಿ ಹೇಳಿದ್ದನ್ನು ನಂಬುವ ವಯಸ್ಸು ನನಗೆ ಯಾವತ್ತೋ ದಾಟಿತು.

ಫೋನಿನಲ್ಲಿ ಇದನ್ನೆಲ್ಲ ಹೇಳುವಂತಿಲ್ಲ, ಅದಕ್ಕೇ ಈ ಪತ್ರ. ಗಡಿಯಾಚೆ ಹಿಟ್ಟು ಸಾಗಿಸುವ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನೂ ಪೂರ್ತಿ ನಂಬಿಲ್ಲ. ಲಕೋಟೆಯ ಅಂಟಿನ ಮೇಲೆ ನನ್ನ ಹೆಬ್ಬೆರಳಿನ ಶಾಯಿ ಗುರುತಿದೆ. ಅದು ಎರಡು ತುಂಡಾಗಿದ್ದರೆ ಮೊದಲು ಕೋಣೆ ಬದಲಾಯಿಸು, ಆಮೇಲೆ ಓದು. ನೀನು ನಗುತ್ತೀಯ, ನಗು. ಆದರೆ ಒಂದು ಮಾತು ಯೋಚಿಸಿ ನೋಡು. ನಿನ್ನ ಹೊಸ ನಂಬರು ನಿನ್ನ ಅಮ್ಮನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಸೆಸೆಗ್ಮಾಗೆ ಎಲ್ಲಿಂದ ಸಿಕ್ಕಿತು? ಅದನ್ನು ಹೇಳುವುದಕ್ಕೆ ಹೋದ ಆಗಸ್ಟ್ ತಿಂಗಳಿಂದ ಶುರುಮಾಡಬೇಕು. ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಗಸ್ಟಿನಲ್ಲಿ ಗ್ರಂಥಾಲಯದಲ್ಲಿ ನಮ್ಮ ಕಣಿವೆಯ ಕುಲಗಳ ಪ್ರದರ್ಶನ ಇಟ್ಟಿದ್ದು ನಿನಗೆ ನೆನಪಿದೆ. ನಮ್ಮ ವಂಶವೃಕ್ಷದ ಹಾಳೆಯನ್ನು ಕೊಡಿ ಎಂದು ಸೆಸೆಗ್ಮಾ ಮೂರು ಸಲ ಮನೆಗೆ ಬಂದಳು. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಇಟ್ಟಿಲ್ಲ ತಾತಾ ಎಂದಳು. ನಾನು ಉಬ್ಬಿಹೋದೆ. ಹನ್ನೊಂದು ತಲೆಮಾರಿನ ಗಂಡಸರು, ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ, ಸೊನ್ನೆಯೊಳಗೆ ಹೆಸರು ಮತ್ತು ಹುಟ್ಟಿದ ವರ್ಷ. ಬದುಕಿದ್ದವರ ಪಕ್ಕದಲ್ಲಿ ಯಾರು ಯಾವ ಊರಲ್ಲಿದ್ದಾರೆ, ಯಾವ ಬೀದಿ, ಯಾವ ನಂಬರು ಎಂದು ಕೆಂಪು ಪೆನ್ಸಿಲಿನಲ್ಲಿ ನಾನೇ ಬರೆದಿದ್ದೆ, ಹಬ್ಬಕ್ಕೆ ಶುಭಾಶಯ ಕಳಿಸಲು ಅನುಕೂಲವಾಗಲಿ ಎಂದು. ಮೊದಲ ಬಹುಮಾನ ನಮಗೇ ಬಂತು, ಒಂದು ಕರೆಂಟಿನ ಕೆಟಲ್. ಅದರಲ್ಲಿ ಕಾಸಿದ ಚಹಾ ಕುಡಿಯುತ್ತ ಮುಂದಿನ ನಾಲ್ಕು ತಿಂಗಳು ಊರವರನ್ನೆಲ್ಲ ಅನುಮಾನಿಸುತ್ತ ಕೂತೆ.

ಅನುಮಾನ ಬರದೆ ಇರುತ್ತದೆಯೇ? ಸೆಪ್ಟೆಂಬರಿನಲ್ಲಿ ಸೈನ್ಯಕ್ಕೆ ಕರೆಯುವ ನೋಟೀಸುಗಳು ಬಂದವು, ನೀನು ಒಂದು ಚೀಲ ಹಿಡಿದು ಗಡಿ ದಾಟಿದೆ. ಊರಿನ ದಾಖಲೆಯಲ್ಲಿ ಇದ್ದವರಿಗೆ ಬಂದಿದ್ದು ಸರಿ. ಆದರೆ ನನ್ನ ತಮ್ಮನ ಮೊಮ್ಮಗ ಅಲ್ದಾರ್ ಇರ್ಕುತ್ಸ್ಕ್‌ನಲ್ಲಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ, ಯಾವ ದಾಖಲೆಯಲ್ಲೂ ಇರಲಿಲ್ಲ. ಅವನ ಬಾಗಿಲನ್ನು ನೇರವಾಗಿ ಹೋಗಿ ತಟ್ಟಿದರು. ತುಮೆನ್‌ನನ್ನು ಉತ್ತರದ ಚಿನ್ನದ ಗಣಿಯ ಊಟದ ಮನೆಯಿಂದ ಎಬ್ಬಿಸಿಕೊಂಡು ಹೋದರು. ಇಬ್ಬರೂ ನಮ್ಮ ಕುಲದವರೇ. ನಮ್ಮವರು ಎಲ್ಲೆಲ್ಲಿದ್ದಾರೆ ಎಂದು ಒಳಗಿನವರು ಯಾರೋ ಹೇಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಪಕ್ಕದ ಮನೆಯ ಮುದುಕ ಮುಂಕೋ ಮೇಲೆ ಮೊದಲು ಕಣ್ಣಿಟ್ಟೆ, ಏಕೆಂದರೆ ಅವನು ದಿನವೂ ನಿನ್ನ ಬಗ್ಗೆ ಕೇಳುತ್ತಿದ್ದ. ಎರಡನೆಯದು ಅಂಚೆಯ ಜೋಯಾ, ಅವಳಿಗೆ ಲಕೋಟೆಯ ಮುಖ ನೋಡಿದರೇ ಒಳಗಿನದು ಗೊತ್ತಾಗುತ್ತದೆ. ಒಂದು ಉಪಾಯ ಮಾಡಿದೆ. ನೀನು ಚಿತಾ ಪಟ್ಟಣದಲ್ಲಿದ್ದೀಯ ಎಂದು ಮುಂಕೋ ಕಿವಿಯಲ್ಲಿ ಹೇಳಿದೆ. ಕಜಾಕ್‌ಸ್ತಾನದಲ್ಲಿದ್ದೀಯ ಎಂದು ಜೋಯಾ ಮುಂದೆ ಬಾಯಿತಪ್ಪಿದವನಂತೆ ನಟಿಸಿದೆ. ಭರ್ತಿ ಕಚೇರಿಯವರು ಬಂದು ಯಾವ ಜಾಗದ ಹೆಸರೆತ್ತುತ್ತಾರೋ, ಅದನ್ನು ನನ್ನಿಂದ ಕೇಳಿಸಿಕೊಂಡವರೇ ಕಳ್ಳರು ಎಂದು ಲೆಕ್ಕ ಹಾಕಿ ಕಾದೆ.

ಮುಂಕೋಗೆ ನನ್ನ ಆಟ ಗೊತ್ತಾಗಿಬಿಟ್ಟಿತು. ಒಂದು ದಿನ ಬೇಲಿಯ ಮೇಲೆ ಮೊಣಕೈ ಊರಿ ನಿಂತುಕೊಂಡ. ಇವನು ಅರವತ್ತೆಂಟರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ನಮ್ಮ ಸೈನ್ಯದ ಟ್ಯಾಂಕಿನಲ್ಲಿ ಕೂತು ಪ್ರಾಗ್‌ಗೆ ಹೋಗಿದ್ದವನು, ನಿನಗೆ ಗೊತ್ತಲ್ಲ.

“ಲೋ ಗಲ್ಸಾನ್, ನನ್ನೇ ಪರೀಕ್ಷೆ ಮಾಡ್ತೀಯೇನೋ?” ಎಂದ. “ಅವತ್ತು ನಮ್ಗೂ ಹಿಂಗೇ ಹೇಳಿ ಕಳ್ಸಿದ್ರು, ಹೂವಿನ ಹಾರ ಹಾಕ್ತಾರೆ ಅಂತ. ಒಂದು ಲೋಟ ನೀರು ಕೊಡೋರು ಇರ್ಲಿಲ್ಲ. ಒಂದು ಮುದುಕಿ ಬಂದು ನಿಮ್ಮಮ್ಮಂಗೆ ಗೊತ್ತೇನೋ ನೀನಿಲ್ಲಿರೋದು ಅಂತ ಕೇಳಿದ್ಳು. ಐವತ್ತು ವರ್ಷ ಆಯ್ತು, ಇನ್ನೂ ಉತ್ರ ಸಿಕ್ಕಿಲ್ಲ ನಂಗೆ. ನಾನು ನಿನ್ನ ಮೊಮ್ಮಗನ್ನ ಹಿಡ್ಕೊಡ್ತೀನಾ?”

ಆಮೇಲೂ ನಾನು ಪೂರ್ತಿ ನಂಬಲಿಲ್ಲ. ಅತಿಯಾಗಿ ಮಾತಾಡುವವನು ಏನೋ ಮುಚ್ಚಿಡುತ್ತಾನೆ ಎಂದುಕೊಂಡೆ. ನೋಡು, ನನ್ನ ಬುದ್ಧಿ ಎಲ್ಲಿಗೆ ಬಂದಿತ್ತು.

ಹೋದ ಸೋಮವಾರ ಶಾಲೆಯ ಗಣಿತದ ಮೇಷ್ಟ್ರು ಬಂದರು. ಪಾಪ, ನೋಟೀಸು ಹಂಚುವ ಕೆಲಸವನ್ನು ಅವರ ತಲೆಗೆ ಕಟ್ಟಿದ್ದಾರೆ. ಈಗಿನವು ಹೊಸ ಬಗೆಯವು, ‘ವಿವರ ಸರಿಪಡಿಸಿಕೊಳ್ಳಲು’ ಬನ್ನಿ ಎನ್ನುತ್ತವೆ. ಒಲೆಯ ಬಳಿ ಕೂತು ಒಂದೆರಡು ಗುಟುಕು ಚಹಾ ಕುಡಿದು, ಟೋಪಿ ತಿರುಗಿಸುತ್ತ ಕೇಳಿದರು: “ತಾತಾ, ನಿಮ್ಮ ಎರಡನೇ ಮಗ ಓಚಿರ್ ಈಗ ಎಲ್ಲಿದಾನೆ? ಹುಟ್ಟಿದ್ದು ಎಂಬತ್ತೆರಡು ಅಂತಿದೆ. ಒಂದು ಸಹಿ ಬೇಕಿತ್ತು.”

ಸೊಲ್ಬೊನ್, ನಿನಗೆ ಈ ವಿಷಯವನ್ನು ನಾನು ಹೇಳಿರಲೇ ಇಲ್ಲ. ನಿನ್ನ ಅಪ್ಪನಾದ ಮೇಲೆ ನಮಗೆ ಇನ್ನೊಂದು ಗಂಡು ಹುಟ್ಟಿತ್ತು. ನಲವತ್ತು ದಿನ ಬದುಕಿತ್ತು. ಸತ್ತವರ ಸೊನ್ನೆಯ ಮೇಲೆ ಕಪ್ಪು ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ನಾನು ಪೆನ್ನು ತೆಗೆದಾಗ ನಿನ್ನ ಅಜ್ಜಿ ಕೈ ಹಿಡಿದುಕೊಂಡಳು. ಒಂದು ವರ್ಷ ಬಿಡಿ ಎಂದಳು, ಮರುವರ್ಷವೂ ಅದನ್ನೇ ಹೇಳಿದಳು. ಆಮೇಲೆ ಅವಳೇ ಹೋದಳು, ನನಗೆ ಎಳೆಯಲು ಮನಸ್ಸು ಬರಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಓಚಿರ್ ಸತ್ತು ನಲವತ್ತು ವರ್ಷವಾಗಿದೆ. ಅವನು ಬದುಕಿರುವುದು ಈ ಭೂಮಿಯ ಮೇಲೆ ಒಂದೇ ಒಂದು ಹಾಳೆಯಲ್ಲಿ.

“ಕೊಟ್ಟಿಗೆ ಹಿಂದಿನ ಗುಡ್ಡದ ಮೇಲಿದಾನೆ,” ಎಂದೆ. “ನೀವೇ ಹೋಗಿ ಕರ್ಕೊಂಡ್ಹೋಗಿ ಮೇಷ್ಟ್ರೇ. ಎತ್ಕೊಂಡೇ ಹೋಗ್ಬೇಕಾಗುತ್ತೆ, ಇನ್ನೂ ನಡೆಯೋಕೆ ಬರಲ್ಲ.”

ಮೇಷ್ಟ್ರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ನಾನು ಬೆಳಗಾಗುವುದನ್ನೇ ಕಾದು ಮಂಗಳವಾರ ಗ್ರಂಥಾಲಯಕ್ಕೆ ನಡೆದೆ. ಹಾಳೆ ಇನ್ನೂ ಗೋಡೆಯ ಮೇಲೆ ಗಾಜಿನ ಹಿಂದೆ ತೂಗುತ್ತಿತ್ತು. ಅಲ್ದಾರ್ ಪಕ್ಕದಲ್ಲಿ ಬೀದಿಯ ಹೆಸರು, ತುಮೆನ್ ಪಕ್ಕದಲ್ಲಿ ಗಣಿಯ ಹೆಸರು, ಎಲ್ಲವೂ ನನ್ನದೇ ಅಕ್ಷರ, ನನ್ನದೇ ಕೆಂಪು ಪೆನ್ಸಿಲು. ಸೆಸೆಗ್ಮಾಳನ್ನು ಬಾಯಿಗೆ ಬಂದಂತೆ ಬೈದೆ. ಅವಳು ತಿರುಗಿ ಬೈಯಲಿಲ್ಲ. ಜಿಲ್ಲೆಯಿಂದ ಇಬ್ಬರು ಸೆಪ್ಟೆಂಬರಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಮತ್ತೊಮ್ಮೆ ಬಂದು ಕುಲಗಳ ಪುಸ್ತಕ ಮಾಡುತ್ತೇವೆ ಎಂದು ಎಲ್ಲ ಹಾಳೆಗಳ ಫೋಟೋ ತೆಗೆದುಕೊಂಡು ಹೋದರಂತೆ. ಆಮೇಲೆ ಪಕ್ಕದ ಗೋಡೆಯ ಹಾಳೆಯ ಮೇಲೆ ಬೆರಳಿಟ್ಟು, “ಇದು ನನ್ನ ತಮ್ಮ ತಾತಾ. ಇವನ ವಿಳಾಸ ನಾನೇ ಬರೆದಿದ್ದೆ,” ಎಂದಳು. ಅವನ ಶವಪೆಟ್ಟಿಗೆ ಡಿಸೆಂಬರಿನಲ್ಲಿ ಬಂತು. ಅದು ನನಗೆ ಗೊತ್ತಿತ್ತು, ಆ ಹೊತ್ತಿನ ಸಿಟ್ಟಿನಲ್ಲಿ ಮರೆತಿದ್ದೆ.

ಈಗ ನಿನ್ನ ನಂಬರಿನ ವಿಷಯ. ನೀನು ಹೋದ ಮೇಲೆ, ಅಕ್ಟೋಬರಿನಲ್ಲಿ, ಹಾಳೆ ಅಪೂರ್ಣವಾಗಿ ತೂಗುವುದು ಬೇಡ ಎಂದು ನಾನೇ ಗ್ರಂಥಾಲಯಕ್ಕೆ ಹೋಗಿ, ಗಾಜು ತೆಗೆಸಿ, ನಿನ್ನ ಸೊನ್ನೆಯ ಪಕ್ಕ ಉಲಾನ್‌ಬಾತರ್ ಎಂದೂ ಕೆಳಗೆ ನಿನ್ನ ನಂಬರನ್ನೂ ಬರೆದು ಬಂದಿದ್ದೆ. ಮುಂಕೋಗೂ ಜೋಯಾಗೂ ಸುಳ್ಳು ಹೇಳಿ ಬಲೆ ಬೀಸುತ್ತಿದ್ದ ಅದೇ ತಿಂಗಳು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ನಿನ್ನ ಅಜ್ಜಿ ನನ್ನನ್ನು ಬೈಯುತ್ತಿದ್ದುದು ಸುಮ್ಮನೆ ಅಲ್ಲ. ಅಲ್ದಾರನ ಅಮ್ಮನ ಎದುರು ಹೇಗೆ ನಿಲ್ಲಲಿ ಹೇಳು. ಅವನಿಂದ ಎರಡು ತಿಂಗಳಾಯಿತು, ಫೋನಿಲ್ಲ.

ಸೆಸೆಗ್ಮಾ ನಿನಗೆ ಫೋನ್ ಮಾಡಿದ್ದು ಕನಿಕರದಿಂದಲೇ ಇರಬಹುದು. ಯಾರೋ ಪಕ್ಕದಲ್ಲಿ ನಿಂತು ಮಾಡಿಸಿದ್ದೂ ಇರಬಹುದು. ಇವೆರಡರಲ್ಲಿ ಯಾವುದು ಎಂದು ತಿಳಿಯುವ ಶಕ್ತಿ ನನಗೆ ಹೋಗಿದೆ ಮಗನೇ. ಅವಳನ್ನು ಚಿಕ್ಕವಳಿದ್ದಾಗಿನಿಂದ ಬಲ್ಲೆ. ಇಂಥವಳ ಬಗ್ಗೆ ಹೀಗೆ ಬರೆಯಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ.

ಇದನ್ನು ಯುದ್ಧ ಎಂದರೆ ಜೈಲಿಗೆ ಹಾಕುತ್ತಾರೆ, ಅದಕ್ಕೇ ಮುಂಕೋ ‘ಆ ಕೆಲಸ’ ಎನ್ನುತ್ತಾನೆ. ಬೇಲಿಯಾಚೆ ಶತ್ರು ಬಂದು ಕೂರಬಾರದೆಂದು ನಮ್ಮ ಸರ್ಕಾರದವರು ನೆರೆಮನೆಯಂಥ ನೆರೆದೇಶಕ್ಕೆ ನುಗ್ಗಿದರಂತೆ. ಈಗ ನೋಡಿದರೆ ಇಷ್ಟು ವರ್ಷ ಯಾರ ಗೋಜಿಗೂ ಹೋಗದಿದ್ದ ಇನ್ನೊಬ್ಬ ನೆರೆಯವನೂ ಹೆದರಿ ಅದೇ ಶತ್ರುಗಳ ಕೂಟಕ್ಕೆ ಅರ್ಜಿ ಹಾಕಿದ್ದಾನೆ ಎಂದು ಟಿವಿಯವರೇ ಹೇಳುತ್ತಾರೆ, ನಾವು ಗೆದ್ದೆವು ಎಂಬ ದನಿಯಲ್ಲಿ. ಜಾಗ ಸಾಲದೆ ಹೋದರು ಎನ್ನಲು ನಮಗೆ ಜಾಗಕ್ಕೇನು ಬರ? ಹೊಳೆಯಾಚೆಯ ಹುಲ್ಲುಗಾವಲನ್ನು ಈ ವರ್ಷ ಕೊಯ್ಯುವವರಿಲ್ಲದೆ ಹಿಮದಡಿ ಹಾಗೇ ಕೊಳೆಯಲು ಬಿಟ್ಟೆವು, ನಿನ್ನ ಅಮ್ಮ ನಾಲ್ಕು ಹಸು ಮಾರಿದಳು. ಒಂದನೇ ತರಗತಿಯಲ್ಲಿ ಐದು ಮಕ್ಕಳಿದ್ದಾರೆ. ಇನ್ನು ಏಳು ವರ್ಷಕ್ಕೆ ಒಂದನೇ ತರಗತಿಯೇ ಇರುವುದಿಲ್ಲ ಎಂದು ಮೇಷ್ಟ್ರು ಬೆರಳು ಮಡಿಸಿ ತೋರಿಸಿದರು. ಮದುವೆಗೆ ಬಂದ ಹುಡುಗಿಯರು ಪಟ್ಟಣಕ್ಕೆ ಹೋಗಿ ತಿರುಗಿ ಬರುತ್ತಿಲ್ಲ. ಬಂದು ಯಾರನ್ನು ನೋಡಬೇಕು? ಹಾಳೆಯಲ್ಲಿ ನಾನು ಈ ಒಂದೇ ವರ್ಷದಲ್ಲಿ ನಾಲ್ಕು ಕಪ್ಪು ಗೆರೆ ಎಳೆದೆ. ಅವರಲ್ಲಿ ಮೂವರಿಗೆ ಮಕ್ಕಳಿರಲಿಲ್ಲ. ಸಿಡುಬು, ಬರಗಾಲ, ದೊಡ್ಡ ಯುದ್ಧ ಎಲ್ಲ ದಾಟಿಬಂದ ಕೊಂಬೆಗಳು ಅವು. ನಿನ್ನ ಅಪ್ಪ ತೀರಿಕೊಂಡ ಮೇಲೆ ನಮ್ಮ ಕೊಂಬೆಯ ತುದಿಯಲ್ಲಿ ನೀನೊಬ್ಬನೇ ಇದ್ದೀಯ.

ಹಾಳೆಯನ್ನು ಗೋಡೆಯಿಂದ ಇಳಿಸಿ ಮನೆಗೆ ತರಿಸಿಕೊಂಡು, ಕೆಂಪು ಪೆನ್ಸಿಲಿನದನ್ನೆಲ್ಲ ರಬ್ಬರಿನಿಂದ ಅಳಿಸಿದೆ. ಫೋಟೋದಲ್ಲಿರುವುದನ್ನು ಅಳಿಸುವ ರಬ್ಬರು ನನ್ನ ಹತ್ತಿರ ಇಲ್ಲ. ಆದ್ದರಿಂದ ನಂಬರು ಬದಲಿಸು, ಕೋಣೆಯನ್ನೂ ಬದಲಿಸು. ಹೊಸದನ್ನು ಅಮ್ಮನಿಗೆ ಮಾತ್ರ ಹೇಳು, ನನಗೆ ಹೇಳಬೇಡ. ಅಲ್ಲಿ ಒಳ್ಳೆಯ ಹುಡುಗಿ ಸಿಕ್ಕರೆ ತಡಮಾಡದೆ ಮದುವೆಯಾಗು. ಅಮ್ಮ ಒಣಮೊಸರಿನ ಗಟ್ಟಿಯನ್ನೂ ಉಣ್ಣೆಯ ಕಾಲುಚೀಲವನ್ನೂ ಕಳಿಸಿದ್ದಾಳೆ, ಲಾರಿಯವನಿಂದ ಎಣಿಸಿ ತೆಗೆದುಕೋ. ಮುಂಕೋ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ. ನಿನ್ನ ದಾರಿ ಹಾಲಿನ ಹಾಗೆ ಬಿಳಿದಾಗಿರಲಿ.

ನಿನ್ನ ತಾತ,
ಗಲ್ಸಾನ್

ಮತ್ತೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಐಸಿನ ಮೇಲೆ ಜಾರಲಿಲ್ಲ. ಸೆಸೆಗ್ಮಾ ತನ್ನ ತಮ್ಮನ ಹೆಸರಿನ ಮೇಲೆ ಬೆರಳಿಟ್ಟ ಹೊತ್ತಿಗೆ ನಮ್ಮ ಹಾಳೆಯ ಕೆಳಗೇ ಬಿದ್ದೆ, ಅವಳೇ ಆಸ್ಪತ್ರೆಗೆ ಸೇರಿಸಿದಳು. ಎದೆ ಅರ್ಧಕ್ಕರ್ಧ ಕೆಲಸ ನಿಲ್ಲಿಸಿದೆಯಂತೆ, ಚಳಿಗಾಲ ದಾಟುವುದು ಅನುಮಾನ ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದು ಬಾಗಿಲ ಸಂದಿಯಿಂದ ನನಗೂ ಕೇಳಿಸಿತು. ನಾನು ಹೋದೆ ಎಂದು ನಿನಗೆ ಫೋನ್ ಬಂದರೆ ಅದು ನಿಜವೋ ಬಲೆಯೋ ಎಂದು ವಿಚಾರಿಸಲು ಹೋಗಬೇಡ. ಎರಡಕ್ಕೂ ನೀನು ಮಾಡಬೇಕಾದ್ದು ಒಂದೇ. ಊರಿನ ಕಡೆ, ಉತ್ತರಕ್ಕೆ ಮುಖ ಮಾಡಿ ನನ್ನ ಹೆಸರಿನಲ್ಲಿ ಹಾಲು ಚಿಮುಕಿಸಿ ಕೆಲಸಕ್ಕೆ ಹೋಗು. ನೆಲ ಈಗ ಕಲ್ಲಿನಂತೆ ಹೆಪ್ಪುಗಟ್ಟಿದೆ, ಗುಂಡಿ ತೋಡುವ ಗಂಡಸರು ಊರಲ್ಲಿ ಯಾರೂ ಉಳಿದಿಲ್ಲ. ನಿನ್ನ ಅಮ್ಮ, ಸೆಸೆಗ್ಮಾ, ಅಂಚೆಯ ಜೋಯಾ ಮೂವರೂ ಸೇರಿ ತೋಡುತ್ತೇವೆ ಎಂದಿದ್ದಾರೆ. ನೀನು ಬರಬೇಡ.