ಇವರ ಮೊಣಕಾಲಿನ ಲಟಕ್

ಡಿಸೆಂಬರ್ ೧೪, ಭಾನುವಾರ. ಬಾಥೆಲ್, ಅಮೆರಿಕ.

ಗಾಳಿಗೆ ಮತ್ತೆ ಕರೆಂಟ್ ಹೋಗಿದೆ. ಮೊಬೈಲ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಇವರ ಮೊಣಕಾಲಿನ ಸದ್ದಿಗೆ ಇನ್ನು ನಾನು ಬೈಯುವ ಹಾಗಿಲ್ಲ. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಬೈಯುತ್ತಲೇ ಇದ್ದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಲಟಕ್ ಲಟಕ್ ಎಂದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಇವತ್ತು ಝೂನಲ್ಲಿ ಹಿಮಸಾರಂಗಗಳು ನಡೆದಾಗಲೂ ಅದೇ ಸದ್ದು! ಪಾದದ ಮೂಳೆಯ ಮೇಲೆ ಸ್ನಾಯುವಿನ ಹುರಿ ಜಾರಿ ಹಾಗಾಗುತ್ತದಂತೆ. ಹಿಮಗಾಳಿಯಲ್ಲಿ ಏನೂ ಕಾಣದಿದ್ದಾಗ ಅದನ್ನು ಕೇಳಿಕೊಂಡೇ ಹಿಂಡು ಚದುರದೆ ನಡೆಯುತ್ತದಂತೆ. ಮೈಕೂದಲು ಒಳಗೆಲ್ಲ ಟೊಳ್ಳಂತೆ, ಅದಕ್ಕೇ ಚಳಿ ತಟ್ಟುವುದಿಲ್ಲ. ಇವರಿಗೆ ಪಾಪ, ತಲೆಯ ಮೇಲೆ ಟೊಳ್ಳು ಕೂದಲೂ ಉಳಿದಿಲ್ಲ.

"ಅಮ್ಮಾ, ದಟ್ಸ್ ಅಪ್ಪ!" ಎಂದು ಮಗಳು ಅಕ್ಷಯಾ ಅಲ್ಲೇ ಕುಣಿದಳು. ಇವರೂ ನಕ್ಕರು, ನನ್ನ ಕಡೆ ನೋಡಿಕೊಂಡು.

ಈಗ ನನ್ನ ಪಕ್ಕ ಮಲಗಿದ್ದವಳು ಕತ್ತಲಿಗೆ ಹೆದರಿ ಎದ್ದು ಕೂತು, "ವೇರ್ ಈಸ್ ಅಪ್ಪ?" ಎಂದಳು.

"ಸುಮ್ನೆ ಕೇಳಿಸ್ಕೋ ಪುಟ್ಟಿ" ಎಂದೆ.

ಕೆಳಗೆ ಟಾರ್ಚ್ ಹುಡುಕುತ್ತಿರುವ ಇವರ ಲಟಕ್, ಲಟಕ್. ಕೇಳುತ್ತ ಕೇಳುತ್ತಲೇ ನಿದ್ದೆ ಹೋದಳು.

ಸದ್ದು ಮೆಟ್ಟಿಲವರೆಗೆ ಬಂದು ನಿಂತುಬಿಟ್ಟಿದೆ. ಯಾಕೆ ನಿಂತರು?

ರೀ, ಒಂದ್ಸಲ ಲಟಕ್ ಅನ್ಸ್ರೀ